ಮುಟ್ಟಿದರೆ ಗೋಡೆ ಸರಿಯುವ ಲ್ಯಾಪ್‌ಟಾಪ್

ಮನೆಯ ನಕ್ಷೆ ಬರೆಯುವುದು ನನ್ನ ಕಸುಬು. ಕೊಟ್ಟೂರಿನಲ್ಲಿ ನನ್ನ ಗಂಡನದು ಗೊಬ್ಬರದ ಅಂಗಡಿ. ಅದರ ಮೇಲಿನ ಒಂದು ಕೋಣೆಯೇ ನನ್ನ ಆಫೀಸು. ಸಿವಿಲ್ ಡಿಪ್ಲೊಮಾ ಮುಗಿಸಿ ಮದುವೆಯಾಗಿ ಬಂದ ಮೇಲೆ ಈ ಕೋಣೆಯಲ್ಲಿ ಕೂತು ಎಷ್ಟು ಹೊತ್ತು ಗೆರೆ ಎಳೆದಿದ್ದೇನೋ, ಅದಕ್ಕಿಂತ ಹೆಚ್ಚು ಹೊತ್ತು ಬಸ್ಸಿನಲ್ಲಿ ಕಳೆದಿದ್ದೇನೆ. ಇವತ್ತು ಕೂಡ್ಲಿಗಿ, ನಾಳೆ ಹಡಗಲಿ, ನಾಡಿದ್ದು ಹರಪನಹಳ್ಳಿ. ಮನೆ ಕಟ್ಟಿಸುವವರು ಆಫೀಸಿಗೆ ಬರುವುದಿಲ್ಲವೆಂದಲ್ಲ. ಬರುತ್ತಾರೆ, ಆದರೆ ಗಂಡಸರು ಮಾತ್ರ ಬರುತ್ತಾರೆ. ಅವರು ತಲೆಯಾಡಿಸಿ ಒಪ್ಪಿಕೊಂಡು ಹೋದ ನಕ್ಷೆಯನ್ನು ಮನೆಯ ಹೆಂಗಸರು ಸಂಜೆಯೊಳಗೆ ತಿರಸ್ಕರಿಸಿರುತ್ತಾರೆ. ಅದಕ್ಕಾಗಿ ನಾನೇ ಅವರ ಮನೆಗೆ ಹೋಗಿ, ಎಲ್ಲರನ್ನೂ ಕೂರಿಸಿಕೊಂಡು, ಅವರೆದುರೇ ಗೆರೆ ತಿದ್ದುವ ಪದ್ಧತಿ ಇಟ್ಟುಕೊಂಡೆ.

ಮೊದಲು ನನ್ನ ಬಳಿ ಇದ್ದ ಲ್ಯಾಪ್‌ಟಾಪ್ ಬೀಸುವ ಕಲ್ಲಿನಷ್ಟು ಭಾರವಿತ್ತು. ಬ್ಯಾಟರಿ ಸತ್ತು ಹೋಗಿತ್ತು. ವೈರು ಕಿತ್ತ ತಕ್ಷಣ ಪರದೆ ಕಪ್ಪಾಗುತ್ತಿತ್ತು. ಹಳ್ಳಿಯಲ್ಲಿ ಕರೆಂಟು ಹೋದರೆ ನಾನು ಗೋಡೆಯ ಮೇಲೆ ಇದ್ದಿಲಿನಿಂದ ನಕ್ಷೆ ಬರೆದು ತೋರಿಸಬೇಕಾಗುತ್ತಿತ್ತು. ಅದರ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ನಿಂತು ನಿಂತು ಬಲಭುಜ ಎಡಭುಜಕ್ಕಿಂತ ಕೆಳಗಿಳಿಯಿತು. ಕೂಡ್ಲಿಗಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಅವರು ನನ್ನ ಭುಜವನ್ನು ಮುಟ್ಟಲಿಲ್ಲ. ಚೀಲವನ್ನು ಒಮ್ಮೆ ಎತ್ತಿ ನೋಡಿ ಕೆಳಗಿಟ್ಟು, "ಈ ಚೀಲ ಬಿಡ್ರಿ, ಇಲ್ಲಾ ಭುಜ ಬಿಡ್ರಿ. ಎರಡೂ ಉಳಿಯಂಗಿಲ್ಲ" ಅಂದರು.

ಹಾಗಾಗಿ ದಾವಣಗೆರೆಗೆ ಹೋಗಿ ಹೊಸದೊಂದನ್ನು ತಂದೆ. ಬಹಳ ಸಣ್ಣದು, ಬಹಳ ತೆಳ್ಳಗಿನದು. ಪರದೆಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಹೇಳಿದ್ದು ಕೇಳುತ್ತಿತ್ತು. ಅಂಗಡಿಯ ಹುಡುಗಿ ಅದನ್ನು ತೆರೆದು, ಪರದೆಯನ್ನು ಹಿಂದಕ್ಕೆ ಬಗ್ಗಿಸುತ್ತಾ ಹೋದಳು. ಇನ್ನೇನು ಕತ್ತು ಮುರಿಯಿತು ಅಂದುಕೊಂಡು ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅದು ಪೂರ್ತಿ ಮಡಚಿಕೊಂಡು ಸ್ಲೇಟಿನಂತಾಗಿತ್ತು. ಜೊತೆಗೆ ಬರೆಯಲು ಒಂದು ಪೆನ್ನೂ ಇತ್ತು. ಅಲ್ಲಿಗೆ ನಾನು ಮರುಳಾದೆ.

ಮನೆಯಲ್ಲಿ ಯಾರೂ ಮರುಳಾಗಲಿಲ್ಲ. ನನ್ನ ಗಂಡ ಡಬ್ಬಿ ಬಿಚ್ಚಿ ನೋಡಿ, "ಇದು ಪೂರ್ತಿ ಬಂದೈತೇನು, ಇನ್ನರ್ಧ ಪಾರ್ಸಲ್ಲಿನ್ಯಾಗ ಬರತೈತೇನು?" ಎಂದು ಕೇಳಿದರು. ನನ್ನ ಅತ್ತೆ ಅದನ್ನು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಅಲ್ಲಾಡಿಸಿದಂತೆ ಅಲ್ಲಾಡಿಸಿದರು. "ಒಳಗ ಏನೂ ಇಲ್ಲ. ನಿನಗ ಸುಮ್ಮನ ಟೊಪ್ಪಿಗಿ ಹಾಕ್ಯಾರ" ಅಂದರು.

ಅವರು ಏನೇ ಅನ್ನಲಿ, ಮೊದಲ ಕೆಲವು ವಾರ ನನಗೆ ರೆಕ್ಕೆ ಬಂದಂತಿತ್ತು. ಬುತ್ತಿಯ ರೊಟ್ಟಿಗಂಟಿನ ಪಕ್ಕ ಅದು ಆರಾಮಾಗಿ ಕೂಡುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಕೊಟ್ಟೂರಿಗೆ ಕೊಟ್ಟೂರೇ ಕರೆಂಟಿಲ್ಲದೆ ಬೀಸಣಿಗೆ ಹಿಡಿದು ಕೂತಾಗ ನನ್ನ ಪರದೆ ಮಾತ್ರ ಬೆಳಗುತ್ತಿತ್ತು. ಹಡಗಲಿಯ ಬಸ್ಸಿನಲ್ಲಿ ಮಲ್ಲಿಗೆ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಹೆಂಗಸಿನ ಪಕ್ಕ, ಒಂದು ಕೈಯಲ್ಲಿ ಸ್ಲೇಟು ಹಿಡಿದು ಇನ್ನೊಂದು ಕೈಯಲ್ಲಿ ಪೆನ್ನಿನಿಂದ ಮೆಟ್ಟಿಲು ಎಳೆದಿದ್ದೇನೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಒಂದು ಮೆಟ್ಟಿಲು ಹೆಚ್ಚಾಗುತ್ತಿತ್ತು, ಅಷ್ಟೇ.

ಅದರ ಮೊದಲ ದೋಷ ಗೊತ್ತಾದದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಊರ ಹೊರಗಿನ ಹೊಸ ಸೈಟು. ನೆರಳಿಗೆ ಒಂದು ಜಾಲಿ ಗಿಡವೂ ಇರಲಿಲ್ಲ. ನೆತ್ತಿಯ ಮೇಲೆ ಬಿಸಿಲು. ಸೈಟಿನ ಯಜಮಾನರಿಗೂ ಅವರ ಹೆಂಡತಿಗೂ ನಕ್ಷೆ ತೋರಿಸೋಣವೆಂದು ಲ್ಯಾಪ್‌ಟಾಪ್ ತೆರೆದರೆ ಪರದೆ ಕನ್ನಡಿಯಾಗಿ ಬಿಟ್ಟಿತ್ತು. ಅದರಲ್ಲಿ ಯಜಮಾನರ ಮುಖ ಕಾಣುತ್ತಿತ್ತು, ಹಿಂದಿನ ನೀರಿನ ಟ್ಯಾಂಕು ಕಾಣುತ್ತಿತ್ತು, ಟ್ಯಾಂಕಿನ ಮೇಲಿನ ಕಾಗೆಯೂ ಕಾಣುತ್ತಿತ್ತು. ಮನೆ ಮಾತ್ರ ಕಾಣಲಿಲ್ಲ. ಯಜಮಾನರು ಅದರಲ್ಲಿ ಮೀಸೆ ತಿದ್ದಿಕೊಂಡು, "ಚೊಲೋ ಐತ್ರಿ" ಅಂದರು. ಅವರು ಹೇಳಿದ್ದು ಮೀಸೆಯ ಬಗ್ಗೆಯೋ ಮನೆಯ ಬಗ್ಗೆಯೋ ತಿಳಿಯಲಿಲ್ಲ.

ಅವರ ಹೆಂಡತಿ ಸೆರಗು ಮರೆ ಮಾಡಿ ನೋಡಿದರು. ಸಾಲಲಿಲ್ಲ. ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರ ಹತ್ತಿರ ಒಂದು ಕರಿ ಕಂಬಳಿ ಇಸಿದುಕೊಂಡು ಬಂದರು. ನಾವು ಮೂವರೂ ಬಟ್ಟಬಯಲಿನಲ್ಲಿ, ಸುಡುವ ಬಿಸಿಲಿನಲ್ಲಿ, ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತೆವು. ಒಳಗೆ ಕತ್ತಲಾಯಿತು, ಮನೆ ಕಂಡಿತು. ದೇವರ ಕೋಣೆ ಯಾವ ಕಡೆ ಇರಬೇಕು ಎಂಬ ಚರ್ಚೆ ಶುರುವಾಗುವಷ್ಟರಲ್ಲಿ ಹೊರಗೆ ಬೈಕೊಂದು ನಿಂತ ಸದ್ದಾಯಿತು.

"ಯಾರದಾರ ಒಳಗ? ಮೈಗೆ ಆರಾಮಿಲ್ಲೇನು?" ಎಂದು ಒಂದು ದನಿ ಕೇಳಿತು.

"ಏನಿಲ್ಲ, ಮನಿ ನೋಡಾಕ ಹತ್ತೀವಿ" ಎಂದು ಯಜಮಾನರು ಕಂಬಳಿಯ ಒಳಗಿನಿಂದಲೇ ಉತ್ತರ ಕೊಟ್ಟರು. ಬೈಕು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ನಿಧಾನಕ್ಕೆ ಹೋಯಿತು.

ಎರಡನೆಯ ದೋಷ ಹರಪನಹಳ್ಳಿಯಲ್ಲಿ ಸಿಕ್ಕಿತು. ನಕ್ಷೆಯ ಪ್ರಿಂಟು ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಪೆನ್‌ಡ್ರೈವ್ ಹಿಡಿದು ಲ್ಯಾಪ್‌ಟಾಪಿನ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು. ಅದು ಹೋಗುವಂಥ ತೂತೇ ಅದರಲ್ಲಿ ಇರಲಿಲ್ಲ. ಇದ್ದ ಎರಡೂ ತೂತುಗಳು ಅಕ್ಕಿಕಾಳಿನಷ್ಟು ಕಿರಿದು. ಅಂಗಡಿಯವರು ಪೆನ್‌ಡ್ರೈವನ್ನು ಹಾಗೂ ತಿರುಗಿಸಿ ಹೀಗೂ ತಿರುಗಿಸಿ, "ಮೇಡಂ, ಇದು ಕೋಳಿ ಗೂಡಿಗೆ ಎಮ್ಮೆ ನುಗ್ಸಿದಂಗ ಆಗ್ತೈತಿ. ಬಿಟ್ಟುಬಿಡಿ" ಅಂದರು. ಅಂದಿನಿಂದ ನಡುವೆ ಸಿಕ್ಕಿಸುವ, ಅಡಾಪ್ಟರ್ ಎಂಬ ಒಂದು ಬಾಲವನ್ನು ಕೊಂಡು ಚೀಲದ ಜಿಪ್ಪಿಗೆ ದಾರದಲ್ಲಿ ಕಟ್ಟಿಕೊಂಡಿದ್ದೇನೆ. ಅದನ್ನು ಮರೆತು ಹೋದ ದಿನ ಆ ಲ್ಯಾಪ್‌ಟಾಪ್ ಸನ್ಯಾಸಿಯ ಹಾಗೆ. ಲೋಕದ ಜೊತೆ ಸಂಬಂಧವೇ ಇಲ್ಲ.

ಇವೆಲ್ಲ ಸಣ್ಣ ದೋಷಗಳು. ಮುಟ್ಟಿದರೆ ಕೇಳುತ್ತದೆ ಎಂಬ ಅದರ ದೊಡ್ಡ ಗುಣವೇ ಎಂಥ ಪೇಚಿಗೆ ತಂದಿತು ಎಂಬುದನ್ನು ಹೇಳಬೇಕು.

ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯ ಒಂದು ಮನೆಯಿಂದ ಕರೆ ಬಂತು. ಇಬ್ಬರು ಅಣ್ಣತಮ್ಮಂದಿರ ಮನೆ. ಅಣ್ಣ ಹೊಲ ನೋಡಿಕೊಳ್ಳುತ್ತಿದ್ದ, ತಮ್ಮ ಕುರಿ ನೋಡಿಕೊಳ್ಳುತ್ತಿದ್ದ. ಇಬ್ಬರ ಹೆಂಡಂದಿರು, ಮಕ್ಕಳು, ಮೇಲೆ ಅವರ ತಾಯಿ. ಹಳೆಯ ಮಣ್ಣಿನ ಮಾಳಿಗೆ ಮನೆ ಸೋರತೊಡಗಿತ್ತು. ಪಕ್ಕದ ಹಿತ್ತಲಿನಲ್ಲೇ ಹೊಸ ಮನೆ ಕಟ್ಟುವ ಯೋಚನೆ ಅವರದು. ಒಂದೇ ಸೂರು, ಎರಡು ಸಂಸಾರ.

ಸೊಸೆಯರಿಬ್ಬರೂ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದರು. ಹಿರಿ ಸೊಸೆ ಕೆಲಸದಲ್ಲಿ ಬಿರುಗಾಳಿ. ಕೋಳಿ ಕೂಗುವ ಮುಂಚೆ ರೊಟ್ಟಿ ಬಡಿದು ಮುಗಿಸಿ, ಉಳಿದವರೆಲ್ಲ ಸೋಮಾರಿಗಳು ಎಂಬಂತೆ ಪಾತ್ರೆ ಸದ್ದು ಮಾಡುವವಳು. ಕಿರಿ ಸೊಸೆ ನಿಧಾನ. ಒಂದು ಒಗ್ಗರಣೆಗೆ ಕೂತರೆ ಸಾಸಿವೆಯ ಒಂದೊಂದು ಕಾಳೂ ಸಿಡಿಯುವ ತನಕ ಕಾಯುವವಳು. ಒಬ್ಬಳ ಸಾರಿಗೆ ಖಾರ ಹೆಚ್ಚು, ಇನ್ನೊಬ್ಬಳ ಪಲ್ಯಕ್ಕೆ ಉಪ್ಪು ಕಡಿಮೆ. ಯಾವ ಮಾತಿಗೂ ಹೊಂದದ ಆ ಇಬ್ಬರೂ ಒಂದು ಮಾತಿಗೆ ಮಾತ್ರ ಒಂದೇ ದನಿಯಲ್ಲಿ ಹೊಂದಿಕೊಂಡಿದ್ದರು.

"ಅಡಿಗಿಮನಿ ಎರಡಾಗಬೇಕ್ರಿ ಮೇಡಂ. ನಡುವ ಗ್ವಾಡಿ ಬೇಕ ಬೇಕು" ಅಂದಳು ಹಿರಿಯಳು.

"ಸೂರಿನ ತನಕ ಬೇಕ್ರಿ" ಅಂದಳು ಕಿರಿಯಳು.

ನಾನು ಹಾಗೆಯೇ ನಕ್ಷೆ ಬರೆದುಕೊಂಡು ಹೋದೆ. ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಲ್ಯಾಪ್‌ಟಾಪನ್ನು ಗುಡಾರದಂತೆ ಮಡಚಿ ನಿಲ್ಲಿಸಿದೆ. ಮನೆಯವರೆಲ್ಲ ಸುತ್ತ ಕೂತರು. ಬೇಕಾದರೆ ಮುಟ್ಟಿ ನೋಡಿ, ಹತ್ತಿರ ಬರುತ್ತದೆ ಅಂದೆ. ಆ ಮಾತು ಹೇಳಬಾರದಿತ್ತು.

ಅಣ್ಣ ತನ್ನ ಹೆಬ್ಬೆರಳು ಊರಿದ. ಅದು ಬಚ್ಚಲ ಕಡೆಯ ಕೋಣೆಯ ಮೇಲೆ ಬಿತ್ತು. ಪರದೆಯ ತುಂಬ ಒಂದೇ ಒಂದು ಕಮೋಡು ತುಂಬಿಕೊಂಡಿತು. ಅವನು ಗಾಬರಿಯಾಗಿ ಹಿಂದೆ ಸರಿದು, "ಇಷ್ಟು ದೊಡ್ಡದು ಬ್ಯಾಡ್ರಿ ನಮಗ" ಅಂದ. ತಮ್ಮ ಅದನ್ನು ಸಣ್ಣದು ಮಾಡಲು ಹೋಗಿ ಪಡಸಾಲೆಯನ್ನು ರಸ್ತೆಗೆ ಎಳೆದ. ನಾನು ಪಡಸಾಲೆಯನ್ನು ವಾಪಸು ತರುವಷ್ಟರಲ್ಲಿ ಹಿರಿ ಸೊಸೆ ನೋಡಲು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿದಳು. ಪರದೆಯ ಚಿತ್ರವೂ ತಾನಾಗಿ ತಿರುಗಿ ಮನೆಯನ್ನು ತಲೆಕೆಳಗು ಮಾಡಿತು. "ವಾಸ್ತು ಬದಲಾತು" ಎಂದು ತಮ್ಮ ಗೊಣಗಿದ.

ಎಲ್ಲರ ಹಿಂದೆ ಅವರ ತಾಯಿ ಕೂತಿದ್ದಳು. ಎಲೆ ಅಡಿಕೆ ಅಗಿಯುತ್ತಾ ಮಾತಾಡದೆ ನೋಡುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಮುಂದೆ ಬಂದು ತೋರುಬೆರಳನ್ನು ಪರದೆಗೆ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಗಲೂ ಇಲ್ಲ. ರೊಟ್ಟಿ ಬಡಿದು, ಉಣ್ಣೆ ನೂತು, ಒಣಗಿ ಮರಗಟ್ಟಿದ ಬೆರಳು ಅದು. ಇಂಥ ಬೆರಳು ಈ ಪರದೆಗೆ ತಿಳಿಯುವುದಿಲ್ಲ. ಇದೂ ಒಂದು ದೋಷವೇ.

"ಈ ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ಲ. ಈಗ ಇದೂ ಒಂದು ಕೂಡಿತು" ಅಂದಳು ಮುದುಕಿ.

ನನಗೆ ಪಾಪ ಅನಿಸಿತು. "ಬೆರಳು ಒಣಗಿದ್ರ ಅದಕ್ಕ ಗೊತ್ತಾಗಂಗಿಲ್ಲ, ಯವ್ವಾ" ಎಂದೆ. ಮುದುಕಿ ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು, ಎಲೆಯಡಿಕೆಯ ರಸದ ಸಮೇತ, ಪರದೆಯ ಮೇಲೆ ಊರಿದಳು. ದೇವರ ಕೋಣೆ ಚಂಗನೆ ಹಾರಿ ದನದ ಕೊಟ್ಟಿಗೆಯ ಪಕ್ಕ ಬಿತ್ತು. ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು.

ಚಹಾ ಆಗುವ ತನಕ ನಾನು ಸೊಸೆಯರ ಜೊತೆ ಹಳೆಯ ಅಡುಗೆಮನೆ ನೋಡಲು ಒಳಗೆ ಹೋದೆ. ಬಂದು, ಲ್ಯಾಪ್‌ಟಾಪ್ ಮುಚ್ಚಿ, ಬಸ್ಸು ಹಿಡಿದೆ. ಮರುದಿನ ಆಫೀಸಿನಲ್ಲಿ ತೆರೆದರೆ ಎರಡು ಅಡುಗೆಮನೆಗಳ ನಡುವಿನ ಗೋಡೆ ಇರಲಿಲ್ಲ. ನನ್ನ ಕೈಯೇ ತಾಗಿರಬೇಕು ಅಂದುಕೊಂಡು ಮತ್ತೆ ಹಾಕಿದೆ.

ಮುಂದಿನ ಸಲ ಹೋಗಿ ಬಂದ ಮೇಲೂ ಗೋಡೆ ಇರಲಿಲ್ಲ. ಉಳಿದ ಗೋಡೆಗಳೆಲ್ಲ ನಿಂತಲ್ಲೇ ನಿಂತಿದ್ದವು. ಈ ಒಂದೇ ಗೋಡೆ ಮಾಯ. ಈಗ ನನಗೆ ಹೆದರಿಕೆಯಾಯಿತು. ಈ ಲ್ಯಾಪ್‌ಟಾಪಿಗೆ ಫ್ಯಾನಿಲ್ಲ. ಬಿಸಿಲಿನಲ್ಲಿ ಅದರ ಬೆನ್ನು ದೋಸೆ ಹಂಚಿನಂತೆ ಕಾಯುತ್ತಿತ್ತು. ರಿಪೇರಿಯವರಿಗೆ ಫೋನು ಮಾಡಿ ಕೇಳಿದೆ. "ಕಾವಿಗೆ ಹಂಗ ಆಗತೈತ್ರಿ ಮೇಡಂ. ಯಾರೂ ಮುಟ್ಟದಿದ್ರೂ ಮುಟ್ಟಿದಂಗ ತಿಳ್ಕೊಳ್ತದ. ತಂಪಿನ್ಯಾಗ ಇಡ್ರಿ" ಅಂದರು. ಈ ಮಾತು ಕೇಳಿದ ನನ್ನ ಗಂಡ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ನೀರಿನ ಗಡಿಗೆಗೆ ಆನಿಸಿ ಇಟ್ಟರು. ಅತ್ತೆ ರೋಗ ಬೇರೆ ಎಂದು ತೀರ್ಮಾನಿಸಿದರು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಅದಕ್ಕೆ ದೃಷ್ಟಿ ತೆಗೆದು ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು. ಲ್ಯಾಪ್‌ಟಾಪ್ ಕೆಮ್ಮಲಿಲ್ಲ. "ನೋಡಿದೇನು, ಅದಕ್ಕ ಘಾಟು ಹತ್ತಲಿಲ್ಲ. ದೃಷ್ಟಿ ಭಾಳ ಆಗಿತ್ತು" ಅಂದರು ಅತ್ತೆ.

ನಾಲ್ಕನೆಯ ಸಲ ಹೊಸಹಳ್ಳಿಗೆ ಹೋದಾಗ ಚಹಾಕ್ಕೆ ಒಳಗೆ ಕರೆದರು. ನಾನು ನೀರು ಕುಡಿಯಲು ಕಿಟಕಿಯ ಹತ್ತಿರ ನಿಂತಿದ್ದೆ. ಅಲ್ಲಿಂದ ಕಟ್ಟೆ ಕಾಣುತ್ತಿತ್ತು. ಮುದುಕಿ ಆಚೀಚೆ ನೋಡಿದಳು. ಎದ್ದು ಲ್ಯಾಪ್‌ಟಾಪಿನ ಮುಂದೆ ಕೂತಳು. ಹೆಬ್ಬೆರಳು ನಾಲಿಗೆಗೆ ಹೋಯಿತು. ಅಲ್ಲಿಂದ ಅಡುಗೆಮನೆಯ ಗೋಡೆಗೆ ಬಂತು. ಗೆರೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದಳು. ಆಮೇಲೆ ಇನ್ನೊಂದು ಕಡೆ ಚುಟುಕನೆ ಮುಟ್ಟಿದಳು. ಸೆರಗಿನ ತುದಿಯಿಂದ ಪರದೆ ಒರೆಸಿ, ಹಿಂದಕ್ಕೆ ಸರಿದು, ಮತ್ತೆ ಅಗಿಯತೊಡಗಿದಳು.

ನಾನು ಚಹಾ ಬಿಟ್ಟು ಹೊರಗೆ ಬಂದು ಅವಳ ಪಕ್ಕ ಕೂತೆ.

"ಯವ್ವಾ, ಗ್ವಾಡಿ ತಗದಾಕಿ ನೀನಾ?"

"ಹೂಂ. ನಾನ ತಗದೀನಿ" ಅಂದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಅಳಸೋದು ನಿನಗ ಹೆಂಗ ತಿಳೀತು?"

"ಒತ್ತಿ ಹಿಡದ್ರ ಕಸದ ಡಬ್ಬಿ ಚಿತ್ರ ಬರತೈತಲ್ಲ. ಮೊಮ್ಮಗಳು ಮೊಬೈಲಿನ್ಯಾಗ ಬ್ಯಾಡಾದ ಫೋಟೋ ಅದಕ್ಕ ಹಾಕತಾಳ. ನನಗೂ ಆ ಗ್ವಾಡಿ ಬ್ಯಾಡಾಗಿತ್ತು."

ಸೊಸೆಯರಿಗೆ ಬೇಕಾಗಿದೆಯಲ್ಲ ಅಂದೆ. ಅವಳು ತಲೆಯಾಡಿಸಿದಳು.

"ಅವರಿಗೆ ಬೇಕು, ಖರೆ. ಅವರು ದಿನಾ ಜಗಳಾಡತಾರ, ಅದೂ ಖರೆ. ಆದ್ರ ನೀನ ಹೇಳು. ಎರಡು ಒಲಿ ಆದ್ರ ನಾ ಎಲ್ಲಿ ಉಣ್ಣಲಿ? ಅತ್ತಿ ಆ ಕಡೆ ಉಂಡಾಳ ಅಂತ ಇಕಿ ತಿಳ್ಕೊಳ್ತಾಳ. ಈ ಕಡೆ ಉಂಡಾಳ ಅಂತ ಅಕಿ ತಿಳ್ಕೊಳ್ತಾಳ. ಇಬ್ರೂ ಒಳ್ಳೇರ. ಆದ್ರ ನನ್ನ ಹೊಟ್ಟಿ ನಡುವ ಉಳಿತೈತಿ."

ನನಗೆ ನಗು ಬಂತು. ನಗುವ ಮಾತಲ್ಲ ಎಂದು ಆಮೇಲೆ ಹೊಳೆಯಿತು. ಆದರೂ ನನ್ನ ಕೆಲಸ ನಾನು ಮಾಡಬೇಕಲ್ಲ. "ಯವ್ವಾ, ನಾ ಮತ್ತ ಗ್ವಾಡಿ ಹಾಕಬೇಕಾಗತೈತಿ" ಅಂದೆ.

"ಹಾಕು. ಹಾಕೋದು ನಿನ್ನ ಕೆಲಸ. ತಗಿಯೋದು ನನ್ನ ಕೆಲಸ" ಅಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ನಕ್ಷೆಯನ್ನು ಕೊನೆ ಮಾಡುವ ದಿನ ಬಂತು. ಆ ದಿನ ನಾನೊಂದು ಉಪಾಯ ಮಾಡಿಕೊಂಡು ಹೋಗಿದ್ದೆ. ಆ ಲ್ಯಾಪ್‌ಟಾಪಿನಲ್ಲಿ ಪರದೆಯ ಸ್ಪರ್ಶವನ್ನೇ ಬಂದ್ ಮಾಡಲು ಬರುತ್ತದೆ. ಬಂದ್ ಮಾಡಿ, ಎಲ್ಲರ ನಡುವೆ ಇಟ್ಟೆ. ಯಾರು ಎಲ್ಲಿ ಮುಟ್ಟಿದರೂ ಮನೆ ಅಲುಗಲಿಲ್ಲ. ಅಣ್ಣತಮ್ಮಂದಿರಿಗೆ ಸಮಾಧಾನವಾಯಿತು. ಮುದುಕಿ ಮುಂದೆ ಬಂದು ಹೆಬ್ಬೆರಳು ಒದ್ದೆ ಮಾಡಿಕೊಂಡು ಗೋಡೆಯ ಮೇಲೆ ಇಟ್ಟಳು. ಒತ್ತಿ ಹಿಡಿದಳು. ಏನೂ ಬರಲಿಲ್ಲ. ಮತ್ತೆ ಒದ್ದೆ ಮಾಡಿಕೊಂಡು ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದರ ಕಿವೀನೂ ಮುಚ್ಚಿಸಿದೇನು?" ಎಂದು ಮೆಲ್ಲಗೆ ಕೇಳಿದಳು.

ಹೊಸ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಿರುವವಳು ಅವಳೇ. ಅವಳ ಬೆರಳಿಗೆ ಮಾತ್ರ ನಕ್ಷೆಯಲ್ಲಿ ಜಾಗವಿಲ್ಲ ಅಂದರೆ ಹೇಗೆ? ನಾನು ಏನೋ ಸರಿಮಾಡುವವಳಂತೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡು, ಸ್ಪರ್ಶವನ್ನು ಮತ್ತೆ ಚಾಲೂ ಮಾಡಿ, ಅವಳ ಮುಂದೆ ಇಟ್ಟೆ.

ಈ ಸಲ ಅವಳು ಕದ್ದು ಮಾಡಲಿಲ್ಲ. ಸೊಸೆಯರಿಬ್ಬರೂ ನೋಡುತ್ತಿರುವಾಗಲೇ ಗೋಡೆಯನ್ನು ಕಸದ ಡಬ್ಬಿಗೆ ಹಾಕಿದಳು.

ಹಿರಿ ಸೊಸೆ ಮುಂದೆ ಬಂದು ತನ್ನ ಬೆರಳಿನಿಂದ ಗೋಡೆಯನ್ನು ವಾಪಸು ತಂದಳು. ನಾನು ಮಾಡುವುದನ್ನು ಅವಳು ಎಂದೋ ನೋಡಿ ಕಲಿತಿದ್ದಳು. ತಂದ ಗೋಡೆ ಕಿರಿಯಳ ಕಡೆಗೆ ಸ್ವಲ್ಪ ವಾಲಿತ್ತು. "ಅಕ್ಕಾ, ನನ್ನ ಅಡಿಗಿಮನಿ ಏನು ಕೋಳಿಗೂಡು ಮಾಡಿದಿ?" ಎಂದು ಕಿರಿಯಳು ಗೋಡೆಯನ್ನು ಆ ಕಡೆ ತಳ್ಳಿದಳು. ಹಿರಿಯಳು ಈ ಕಡೆ ತಳ್ಳಿದಳು. ಇಬ್ಬರ ನಡುವೆ ಮುದುಕಿಯ ಹೆಬ್ಬೆರಳು ಬಂದು ಗೋಡೆಯನ್ನು ಕೆಳಗೆ ಜಗ್ಗಿತು. ರೊಟ್ಟಿಯಷ್ಟು ಅಗಲದ ಆ ಪರದೆಯ ಮೇಲೆ ಮೂವರು ಹೆಂಗಸರ ಕೈ, ಒಂದು ಡಜನ್ ಬಳೆ, ಎಲೆಯಡಿಕೆ ರಸ, ಹಿರಿಯಳ ಬೆರಳಿಗಂಟಿದ್ದ ಜೋಳದ ಹಿಟ್ಟು. ಅಣ್ಣ ಮರದ ಆಚೆ ಹೋಗಿ ಎತ್ತಿನ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ತಮ್ಮ ಕುರಿಗಳನ್ನು ಲೆಕ್ಕ ಮಾಡುವವನಂತೆ ದೂರ ನೋಡುತ್ತಿದ್ದ. ಆ ಹೊತ್ತಿನಲ್ಲಿ ಅಲ್ಲಿ ಕುರಿಗಳೇ ಇರಲಿಲ್ಲ.

"ಅತ್ತಿ, ಬೆರಳು ತಗೀರಿ."

"ನೀ ತಗಿ ಮೊದಲ."

"ಅಕ್ಕ ತಗದ್ರ ನಾ ತಗೀತೀನಿ."

ನಾನು ಹೆದರಿದ್ದು ಗೋಡೆಗಲ್ಲ, ಪರದೆಗೆ. ಸಣ್ಣ ಲ್ಯಾಪ್‌ಟಾಪಿಗೆ ಇಷ್ಟು ಜನರ ಮಾತು ಒಮ್ಮೆಲೇ ಕೇಳುವ ಶಕ್ತಿ ಇಲ್ಲ. ಅದು ಬಿಸಿಯಾಗಿ, ಮಂಕಾಗಿ, ನಿಂತುಬಿಟ್ಟಿತು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತಾ ಉಳಿಯಿತು. ಮೂವರೂ ಬೆರಳು ಹಿಂದಕ್ಕೆ ತೆಗೆದುಕೊಂಡರು. ತಾವು ಏನೋ ಮುರಿದೆವು ಎಂದು ಮೂವರಿಗೂ ಒಟ್ಟಿಗೆ ಅನಿಸಿರಬೇಕು, ಯಾಕೆಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸತ್ತಿತೇನ್ರಿ?" ಎಂದು ಕಿರಿಯಳು ಕೇಳಿದಳು.

ಇಲ್ಲ, ದಣಿದಿದೆ ಅಂದೆ. ಹಿರಿಯಳು ಎದ್ದು ಹೋಗಿ ಮೊರ ತಂದು ಅದಕ್ಕೆ ಗಾಳಿ ಹಾಕತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಅದನ್ನು ಆರಿಸಿ ಮತ್ತೆ ಹೊತ್ತಿಸಿದೆ. ಮನೆ ಬಂತು. ಅಡುಗೆಮನೆಯ ಗೋಡೆಯೂ ಬಂತು. ಆದರೆ ಅರ್ಧ ಮಾತ್ರ. ಹಿತ್ತಲ ಕಡೆಯಿಂದ ಹೊರಟು ನಡುಮನೆಯ ಕಡೆಗೆ ಬಂದು, ಮಧ್ಯದಲ್ಲೇ ನಿಂತಿತ್ತು. ಮೂವರಲ್ಲಿ ಯಾರ ಬೆರಳು ಅದನ್ನು ಅಲ್ಲಿ ನಿಲ್ಲಿಸಿತ್ತೋ ಹೇಳಲಾಗದು.

ನಾನು ಅದನ್ನು ಪೂರ್ತಿ ಮಾಡಲು ಪೆನ್ನು ಎತ್ತಿದೆ. ಕಿರಿ ಸೊಸೆ ನನ್ನ ಕೈ ತಡೆದಳು.

"ಒಂದೀಟು ತಡೀರಿ" ಅಂದಳು. ಅವಳು ಯಾವುದಕ್ಕೂ ಅವಸರ ಮಾಡುವವಳಲ್ಲ ಎಂದು ಹೇಳಿದೆನಲ್ಲ. ಬಹಳ ಹೊತ್ತು ನೋಡಿದಳು. "ಇಷ್ಟ ಗ್ವಾಡಿ ಇದ್ರ, ಅದೂ ಎದಿ ಮಟ್ಟ ಇದ್ರ, ಒಲಿ ಅಕ್ಕಂದು ಆ ಕಡೆ, ನಂದು ಈ ಕಡೆ. ಉಪ್ಪು ಬೇಕಂದ್ರ ಮ್ಯಾಲಿಂದ ಕೊಡಬೌದು."

"ನಿನ್ನ ಒಗ್ಗರಣಿ ಹೊಗಿ ನನ್ನ ಕಡೆ ಬರತೈತಿ" ಅಂದಳು ಹಿರಿಯಳು.

"ನಿಂದು ನನ್ನ ಕಡೆ ಬರೋದು ಏನು ಕಡಿಮಿ ಐತಿ?"

ಹಿರಿಯಳು ಯೋಚಿಸಿದಳು. "ಅಕಿ ಏಳೂ ತನಕ ನಾ ಕಾಯಂಗಿಲ್ಲ. ನನ್ನ ಒಲಿ ನಾ ಹಚ್ಚತೀನಿ" ಎಂದು ಷರತ್ತು ಹಾಕಿದಳು. ಆಗಲಿ ಅಂದಳು ಕಿರಿಯಳು. ಇಷ್ಟಾದ ಮೇಲೆ ಇಬ್ಬರೂ ಅತ್ತೆಯ ಕಡೆ ನೋಡಿದರು.

"ನಾ ಎಲ್ಲಿ ಕುಂದ್ರಲಿ?" ಎಂದು ಮುದುಕಿ ಕೇಳಿದಳು.

ನಾನು ಪೆನ್ನಿನಿಂದ ಅರ್ಧ ಗೋಡೆ ಮುಗಿಯುವ ಜಾಗದಲ್ಲಿ ಒಂದು ಪುಟ್ಟ ಕಟ್ಟೆ ಬರೆದೆ. ಅಲ್ಲಿ ಕೂತರೆ ಎರಡೂ ಒಲೆ ಕಾಣುತ್ತವೆ, ಎರಡೂ ಕಡೆಯಿಂದ ತಟ್ಟೆಗೆ ಕೈ ನಿಲುಕುತ್ತದೆ. ಮುದುಕಿ ಬಗ್ಗಿ ನೋಡಿ, ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು, ಕಟ್ಟೆಯನ್ನು ಕೂದಲೆಳೆಯಷ್ಟು ಬಾಗಿಲ ಕಡೆಗೆ ಸರಿಸಿದಳು. "ಇಲ್ಲಿ ಗಾಳಿ ಬರತೈತಿ" ಅಂದಳು. ಆಮೇಲೆ ಆ ನಕ್ಷೆಯನ್ನು ಯಾರೂ ಮುಟ್ಟಲಿಲ್ಲ.

ಕೆಲಸ ಶುರುವಾದ ಮೇಲೆ ಗೋಡೆ ಕಟ್ಟುವ ಗೌಂಡಿಯಿಂದ ಫೋನು ಬಂತು. "ಮೇಡಂ, ಪ್ಲಾನಿನ್ಯಾಗ ಅಡಿಗಿಮನಿ ಗ್ವಾಡಿ ಅರ್ಧಕ್ಕ ನಿಂತೈತಿ. ಬರಿಯುವಾಗ ಚಾರ್ಜ್ ಮುಗೀತೇನ್ರಿ?" ಎಂದು ಕೇಳಿದ. ಅಷ್ಟೇ ಕಟ್ಟಪ್ಪಾ, ಅದಕ್ಕಿಂತ ಒಂದು ಇಟ್ಟಿಗೆ ಹೆಚ್ಚಿಗೆ ಕಟ್ಟಿದರೂ ಮೂವರು ಬಂದು ಕೆಡವುತ್ತಾರೆ ಅಂದೆ.

ಗೃಹಪ್ರವೇಶಕ್ಕೆ ನಾನೂ ನನ್ನ ಗಂಡನೂ ಹೋದೆವು. ಹಾಲು ಉಕ್ಕಿಸುವ ಹೊತ್ತಿಗೆ ಮತ್ತೆ ಒಂದು ಸಮಸ್ಯೆ ಎದ್ದಿತು. ಯಾವ ಒಲೆಯ ಮೇಲೆ? ಎರಡರ ಮೇಲೂ ಇಡಿ ಅಂದಳು ಮುದುಕಿ. ಅರ್ಧ ಗೋಡೆಯ ಆಚೆ ಒಂದು ಪಾತ್ರೆ, ಈಚೆ ಒಂದು ಪಾತ್ರೆ. ಬಂದ ನೆಂಟರು ಎರಡು ಪಕ್ಷವಾಗಿ ನಿಂತು ಇಣುಕಿದರು. ಹಿರಿಯಳು ಉರಿ ಜೋರು ಮಾಡಿದಳು. ಕಿರಿಯಳು ಮಾಡಲಿಲ್ಲ. ಹಿರಿಯಳದು ಮೊದಲು ಉಕ್ಕಿ ಒಲೆ ತುಂಬ ಹರಿಯಿತು. ಕಿರಿಯಳದು ಎಷ್ಟೋ ಹೊತ್ತಿನ ಮೇಲೆ, ಪುರೋಹಿತರು ಗಡಿಯಾರ ನೋಡಿಕೊಳ್ಳುತ್ತಿರುವಾಗ, ನಿಧಾನಕ್ಕೆ ಮೇಲೆದ್ದು, ಅಂಚಿನಲ್ಲಿ ಸ್ವಲ್ಪ ಯೋಚಿಸಿ, ಪಾತ್ರೆಯ ಹೊರಕ್ಕೆ ಇಳಿಯಿತು. ನೆಂಟರಲ್ಲಿ ಯಾರೋ ಹಿರಿಯಳು ಗೆದ್ದಳು ಅಂದರು.

"ಎರಡೂ ಒಂದ ಎಮ್ಮಿ ಹಾಲು" ಅಂದಳು ಮುದುಕಿ. ಅವಳು ತನ್ನ ಕಟ್ಟೆಯ ಮೇಲೆ ಕೂತಿದ್ದಳು. ಒಂದು ಕಡೆಯಿಂದ ಹಿರಿಯಳು ಲೋಟದಲ್ಲಿ ಹಾಲು ಕೊಟ್ಟಳು, ಇನ್ನೊಂದು ಕಡೆಯಿಂದ ಕಿರಿಯಳು ಕೊಟ್ಟಳು. ಅವಳು ಎರಡನ್ನೂ ಕುಡಿದು ಮೀಸೆಯ ಜಾಗ ಒರೆಸಿಕೊಂಡಳು.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಹಲವಾಗಲು ಎಂಬ ಊರಿನಿಂದ ಬಂದ ನೆಂಟರೊಬ್ಬರು ಕೂತಿದ್ದರು. ವಯಸ್ಸಾದ ಮನುಷ್ಯ, ನದಿ ದಂಡೆಯಲ್ಲಿ ಗದ್ದೆ ಇದ್ದವರು. ಹೋಳಿಗೆ ಮುರಿಯುತ್ತಾ, ತಮ್ಮ ಮನೆಗೂ ಒಂದು ಅರ್ಧ ಗೋಡೆ ಬೇಕು ಅಂದರು. ಸೊಸೆಯರು ಎಷ್ಟು ಜನ ಎಂದು ಕೇಳಿದೆ.

"ಸೊಸಿ ಒಬ್ಬಾಕಿ ಅದಾಳ್ರಿ. ಅಕಿ ಚೊಲೋ ಅದಾಳ" ಅಂದರು. ದನಿ ತಗ್ಗಿಸಿ, "ನನಗೂ ನನ್ನ ಹೆಂಡತಿಗೂ ನಡುವ ಬೇಕಾಗೇತಿ. ಟಿವಿ ನೋಡಾಕ" ಅಂದರು.

ಎದುರು ಪಂಕ್ತಿಯಲ್ಲಿ ಕೂತಿದ್ದ ಅವರ ಹೆಂಡತಿಗೆ ಅದು ಕೇಳಿಸಿತು. ಅವರು ತಲೆಯೆತ್ತದೆ, ಅನ್ನ ಕಲಸುತ್ತಲೇ, "ನಮಗ ಪೂರ್ತಿ ಹಾಕ್ರಿ ಮೇಡಂ. ಸೂರಿನ ತನಕ" ಅಂದರು. ಮುಂದಿನ ವಾರ ಬಂದು ಇಬ್ಬರನ್ನೂ ಎದುರು ಕೂರಿಸಿಕೊಂಡು ಗೆರೆ ಎಳೆಯುತ್ತೇನೆ ಎಂದು ನಾನು ಅವರಿಗೆ ಹೇಳಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.